ಕ್ವಾಂಟಮ್ ಸಂವೇದಕಗಳಿಗೆ ಬೇಕಾದ ಮುಂದುವರಿದ ಪದಾರ್ಥಗಳು: ಅಂತರರಾಷ್ಟ್ರೀಯ ವೈಜ್ಞಾನಿಕ ಸಹಯೋಗ ಹಾಗೂ ಅರ್ಜಿದಾರರಿಗೆ ಮಾಹಿತಿ

(ನಿಡಸೋಸಿ ಹಾಗೂ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಾರ್ವಜನಿಕರ ತಿಳುವಳಿಕೆಗಾಗಿ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ಗ್ರಾಮವು ಶ್ರೀ ದುರದುಂಡೀಶ್ವರ ಮಠದಿಂದಲೂ, 1996ರಲ್ಲಿ ಆರಂಭವಾದ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯದಿಂದಲೂ ಪರಿಚಿತವಾಗಿದೆ. ಸಂಕೇಶ್ವರದ ಸಮೀಪದಲ್ಲಿರುವ ಈ ಮಹಾವಿದ್ಯಾಲಯವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. ಸುತ್ತಲಿನ ಕೃಷಿಕ ಕುಟುಂಬಗಳ ಮಕ್ಕಳಿಗೆ ಮನೆಯಿಂದ ಹೋಗಿ ಬರುವ ದೂರದಲ್ಲಿಯೇ ತಾಂತ್ರಿಕ ಶಿಕ್ಷಣ ದೊರೆಯಲು ಇದು ಅನುಕೂಲ ಕಲ್ಪಿಸಿದೆ.

ಇತ್ತೀಚಿನ ವರ್ಷಗಳಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕ್ವಾಂಟಮ್ ತಂತ್ರಜ್ಞಾನಕ್ಕೆ ಹೆಚ್ಚಿನ ಒತ್ತು ನೀಡಿವೆ. ಈ ಕ್ಷೇತ್ರದ ಸಂಶೋಧನೆಯು ಬೆಂಗಳೂರು, ಮುಂಬಯಿ, ದೆಹಲಿಯಂತಹ ನಗರಗಳ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸೀಮಿತವಾದುದು, ಗ್ರಾಮೀಣ ಮಹಾವಿದ್ಯಾಲಯದವರು ಅರ್ಜಿ ಸಲ್ಲಿಸಿದರೂ ಪ್ರಯೋಜನವಿಲ್ಲ ಎಂಬ ಭಾವನೆ ಸಾರ್ವಜನಿಕರಲ್ಲಿ ಇದೆ. ಈ ಭಾವನೆ ಪೂರ್ಣ ಸರಿಯಲ್ಲ. ಈ ಕ್ಷೇತ್ರವು ಎಂತಹುದು, ಇದರಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಒಟ್ಟಾಗಿ ಕೆಲಸ ಮಾಡುವುದು ಏಕೆ ಅನಿವಾರ್ಯ, ಕರ್ನಾಟಕದ ಪಾತ್ರವೇನು, ಮತ್ತು ನಿಡಸೋಸಿ ಭಾಗದ ಅರ್ಜಿದಾರರಿಗೆ ಯಾವ ಯಾವ ಮಾರ್ಗಗಳು ತೆರೆದಿವೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಕ್ವಾಂಟಮ್ ಸಂವೇದಕ ಎಂದರೇನು?

ಯಾವುದೇ ಅಳತೆಯ ಉಪಕರಣದಲ್ಲಿ ಹೊರಗಿನ ಬದಲಾವಣೆಗೆ ಸ್ಪಂದಿಸುವ ಒಂದು ಭಾಗವಿರುತ್ತದೆ. ದಿಕ್ಸೂಚಿಯಲ್ಲಿ ಅದು ಕಾಂತದ ಮುಳ್ಳು. ಉಷ್ಣಮಾಪಕದಲ್ಲಿ ಅದು ಪಾದರಸ. ಕ್ವಾಂಟಮ್ ಸಂವೇದಕದಲ್ಲಿ ಈ ಕೆಲಸವನ್ನು ಒಂದು ಪರಮಾಣು, ಒಂದು ಎಲೆಕ್ಟ್ರಾನ್ ಅಥವಾ ಅಂತಹವುಗಳ ಸಮೂಹವು ನಿರ್ವಹಿಸುತ್ತದೆ. ಪರಮಾಣುವಿನ ಶಕ್ತಿಮಟ್ಟಗಳು ಕಾಂತಕ್ಷೇತ್ರ, ಉಷ್ಣತೆ, ಒತ್ತಡ ಮುಂತಾದವುಗಳಿಂದ ಅತ್ಯಲ್ಪ ಪ್ರಮಾಣದಲ್ಲಿ ಸ್ಥಳಾಂತರಗೊಳ್ಳುತ್ತವೆ. ಆ ಸ್ಥಳಾಂತರವನ್ನು ಬೆಳಕು ಮತ್ತು ಸೂಕ್ಷ್ಮತರಂಗಗಳ ಸಹಾಯದಿಂದ ಓದಿಕೊಂಡು ಅಳತೆಯನ್ನು ನಿರ್ಧರಿಸಲಾಗುತ್ತದೆ.

ಇದಕ್ಕೆ ಹೆಚ್ಚು ಪ್ರಚಾರದಲ್ಲಿರುವ ಉದಾಹರಣೆ ವಜ್ರ. ಶುದ್ಧ ವಜ್ರದಲ್ಲಿ ಇಂಗಾಲದ ಪರಮಾಣುಗಳು ಮಾತ್ರ ಕ್ರಮಬದ್ಧವಾಗಿ ಜೋಡಣೆಯಾಗಿರುತ್ತವೆ. ಅವುಗಳಲ್ಲಿ ಒಂದರ ಬದಲಿಗೆ ಸಾರಜನಕದ ಪರಮಾಣು ಬಂದು, ಅದರ ಪಕ್ಕದ ಸ್ಥಾನವು ಖಾಲಿಯಾಗಿ ಉಳಿದರೆ, ಆ ಜೋಡಿಗೆ ಸಾರಜನಕ-ಖಾಲಿಸ್ಥಾನ ಕೇಂದ್ರ ಎಂದು ಹೆಸರು. ಈ ಕೇಂದ್ರದ ಮೇಲೆ ಹಸಿರು ಲೇಸರ್ ಬೆಳಕನ್ನು ಹಾಯಿಸಿದಾಗ ಅದು ಕೆಂಪು ಬೆಳಕನ್ನು ಸೂಸುತ್ತದೆ. ಜೊತೆಗೆ ಸುಮಾರು 2.87 ಗಿಗಾಹರ್ಟ್ಸ್ ಆವೃತ್ತಿಯ ಸೂಕ್ಷ್ಮತರಂಗವನ್ನು ನೀಡಿದಾಗ ಕೆಂಪು ಬೆಳಕು ಸ್ವಲ್ಪ ಮಂಕಾಗುತ್ತದೆ. ಹೊರಗೆ ಕಾಂತಕ್ಷೇತ್ರವಿದ್ದಲ್ಲಿ, ಬೆಳಕು ಮಂಕಾಗುವ ಈ ಆವೃತ್ತಿಯು ಎರಡಾಗಿ ಸೀಳಿ, ಪ್ರತಿ ಟೆಸ್ಲಾಕ್ಕೆ ಸುಮಾರು 28 ಗಿಗಾಹರ್ಟ್ಸ್‌ನಂತೆ ಅತ್ತಿತ್ತ ಸರಿಯುತ್ತದೆ.

ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರವು ಸುಮಾರು 40 ಮೈಕ್ರೋಟೆಸ್ಲಾ ಇರುತ್ತದೆ. ಅದು ಕೇಂದ್ರದ ಅಕ್ಷದ ದಿಕ್ಕಿನಲ್ಲಿಯೇ ಇದ್ದರೆ ಆವೃತ್ತಿಯು ಎರಡೂ ಕಡೆಗೆ ಸುಮಾರು 1.1 ಮೆಗಾಹರ್ಟ್ಸ್ ಸರಿಯುತ್ತದೆ. ಸಾಧಾರಣ ಎಲೆಕ್ಟ್ರಾನಿಕ್ ಉಪಕರಣಗಳಿಂದಲೇ ಇದನ್ನು ಗುರುತಿಸಬಹುದು. ಆದರೆ ಮನುಷ್ಯನ ಹೃದಯದ ಬಡಿತದಿಂದ ಉಂಟಾಗುವ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ದುರ್ಬಲ; ಮೆದುಳಿನದು ಇನ್ನೂ ದುರ್ಬಲ. ಅಷ್ಟು ಸೂಕ್ಷ್ಮವಾದುದನ್ನು ಅಳೆಯಬೇಕಾದರೆ ಉಪಕರಣದ ಜಾಣ್ಮೆಯೊಂದೇ ಸಾಲದು; ಪದಾರ್ಥವೇ ಅಸಾಧಾರಣ ಗುಣಮಟ್ಟದ್ದಾಗಿರಬೇಕು.

ಉಪಯೋಗಗಳು: ಶರೀರವನ್ನು ಸೀಳದೆ ಹೃದಯ ಮತ್ತು ಮೆದುಳಿನ ಪರೀಕ್ಷೆ, ಗಣಕದ ಚಿಪ್‌ಗಳೊಳಗಿನ ದೋಷಗಳ ಪತ್ತೆ, ಉಪಗ್ರಹ ಸಂಕೇತ ದೊರೆಯದ ಕಡೆ ನೌಕಾಯಾನ, ಭೂಗರ್ಭದ ಖನಿಜಗಳ ಅನ್ವೇಷಣೆ ಇತ್ಯಾದಿ. ಇವುಗಳಲ್ಲಿ ಕೆಲವು ಪ್ರಯೋಗಾಲಯದ ಹಂತದಲ್ಲಿಯೇ ಇವೆ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

3. ಒಂದು ದೇಶಕ್ಕೆ ಒಂಟಿಯಾಗಿ ಏಕೆ ಸಾಧ್ಯವಿಲ್ಲ?

ಸಂವೇದಕದ ವಜ್ರವು ಆಭರಣದ ವಜ್ರದಂತೆ ನೋಟಕ್ಕೆ ಚೆನ್ನಾಗಿದ್ದರೆ ಸಾಲದು. ನೈಸರ್ಗಿಕ ಇಂಗಾಲದಲ್ಲಿ ಶೇಕಡಾ 1.1ರಷ್ಟು ಇಂಗಾಲ-13 ಎಂಬ ಸಮಸ್ಥಾನಿ ಇರುತ್ತದೆ. ಅದರ ಪರಮಾಣು ಬೀಜವು ತಾನೇ ಒಂದು ಸಣ್ಣ ಕಾಂತದಂತೆ ವರ್ತಿಸುವುದರಿಂದ, ಪಕ್ಕದ ಸಂವೇದಕ ಎಲೆಕ್ಟ್ರಾನಿಗೆ ಸತತವಾಗಿ ಅಡಚಣೆ ಉಂಟಾಗುತ್ತದೆ. ಸಂತೆಯ ಗದ್ದಲದ ನಡುವೆ ಪಿಸುಮಾತನ್ನು ಕೇಳಿಸಿಕೊಳ್ಳುವ ಪ್ರಯತ್ನಕ್ಕೆ ಇದನ್ನು ಹೋಲಿಸಬಹುದು.

ಈ ಅಡಚಣೆಯನ್ನು ನಿವಾರಿಸಲು ಇಂಗಾಲ-13ರ ಪ್ರಮಾಣವನ್ನು ಶೇಕಡಾ 0.3ಕ್ಕೆ ಇಳಿಸಿ ವಜ್ರವನ್ನು ಬೆಳೆಸಲಾಯಿತು. ಅದರಿಂದ ಕೊಠಡಿಯ ಉಷ್ಣತೆಯಲ್ಲಿಯೇ ಎಲೆಕ್ಟ್ರಾನಿನ ಕ್ವಾಂಟಮ್ ಸ್ಥಿತಿಯು 1.8 ಮಿಲಿಸೆಕೆಂಡುಗಳವರೆಗೆ ಉಳಿಯಿತೆಂದು 2009ರಲ್ಲಿ ವರದಿಯಾಯಿತು. ಈ ಒಂದು ಪ್ರಬಂಧದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು, ವಜ್ರ ಬೆಳೆಸುವ ಬ್ರಿಟನ್ನಿನ ಸಂಸ್ಥೆಯ ತಜ್ಞರು ಹಾಗೂ ಜಪಾನ್, ಫ್ರಾನ್ಸ್, ಅಮೆರಿಕದ ಸಂಶೋಧಕರು ಪಾಲ್ಗೊಂಡಿದ್ದರು. ಅದರ ಮೊದಲ ಲೇಖಕರು ಭಾರತ ಮೂಲದ ಗೋಪಾಲಕೃಷ್ಣನ್ ಬಾಲಸುಬ್ರಮಣಿಯನ್. ಹರಳು ಬೆಳೆಸುವವರು ಒಂದು ದೇಶದಲ್ಲಿ, ಅದನ್ನು ಅಳೆಯುವವರು ಇನ್ನೊಂದು ದೇಶದಲ್ಲಿ, ಫಲಿತಾಂಶವನ್ನು ಅರ್ಥೈಸುವವರು ಮತ್ತೊಂದು ದೇಶದಲ್ಲಿ ಇರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಪ್ರತಿಯೊಂದು ಕೆಲಸಕ್ಕೂ ದಶಕಗಳ ಅನುಭವ ಬೇಕಾಗುವುದೇ ಇದಕ್ಕೆ ಕಾರಣ.

4. ಕರ್ನಾಟಕದ ಹಿನ್ನೆಲೆ

ವಜ್ರದ ವೈಜ್ಞಾನಿಕ ಅಧ್ಯಯನವು ಕರ್ನಾಟಕಕ್ಕೆ ಹೊಸತಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸರ್ ಸಿ.ವಿ. ರಾಮನ್ ಅವರು 1940ರ ದಶಕದಲ್ಲಿ ವಜ್ರದ ರಚನೆ ಹಾಗೂ ಅದು ಸೂಸುವ ಬೆಳಕಿನ ಬಗ್ಗೆ ವ್ಯಾಪಕ ಸಂಶೋಧನೆಯನ್ನು ಕೈಗೊಂಡರು. ಅವರ ಪ್ರಯೋಗಾಲಯದಲ್ಲಿ ಅನ್ನಾ ಮಣಿ ಅವರು ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ ಮತ್ತು ಹೀರಿಕೆಯ ವರ್ಣಪಟಲಗಳನ್ನು ದಾಖಲಿಸಿದರು. ಒಂದೊಂದು ಛಾಯಾಚಿತ್ರ ಫಲಕಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆಗಳ ಕಾಲ ಬೆಳಕು ಒಡ್ಡಬೇಕಾಗುತ್ತಿದ್ದುದರಿಂದ ಅವರು ಅನೇಕ ರಾತ್ರಿಗಳನ್ನು ಪ್ರಯೋಗಾಲಯದಲ್ಲಿಯೇ ಕಳೆಯುತ್ತಿದ್ದರು.

ವಜ್ರದ ರಚನೆಯ ಬಗ್ಗೆ ರಾಮನ್ ಅವರು ಮಂಡಿಸಿದ ಸಿದ್ಧಾಂತವನ್ನು ಲಂಡನ್ನಿನ ಸ್ಫಟಿಕ ವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರು ಪ್ರಶ್ನಿಸಿದರು. ಮುಂದೆ ಆ ಸಿದ್ಧಾಂತವು ನಿಲ್ಲಲಿಲ್ಲ. 1959ರಲ್ಲಿ ವಜ್ರದಲ್ಲಿನ ಮುಖ್ಯ ಅಶುದ್ಧಿಯು ಸಾರಜನಕವೆಂದು ತಿಳಿದು ಬಂದ ಮೇಲೆ, ಬೇರೆ ಬೇರೆ ವಜ್ರಗಳು ಬೇರೆ ಬೇರೆ ರೀತಿಯಲ್ಲಿ ಬೆಳಗುವುದರ ಕಾರಣ ಸ್ಪಷ್ಟವಾಗತೊಡಗಿತು. ಬೆಂಗಳೂರಿನಲ್ಲಿ ಶ್ರಮವಹಿಸಿ ಮಾಡಿದ ಅಳತೆಗಳು ಮಾತ್ರ ವಿಜ್ಞಾನದ ದಾಖಲೆಯಲ್ಲಿ ಉಳಿದವು.

ಅನ್ನಾ ಮಣಿ ಅವರು 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸಿದರಾದರೂ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಪದವಿ ದೊರೆಯಲಿಲ್ಲ. ಅವರು ಅದೇ ವರ್ಷ ಬ್ರಿಟನ್ನಿಗೆ ತೆರಳಿ ಹವಾಮಾನ ಉಪಕರಣಗಳಲ್ಲಿ ಪರಿಣತಿ ಪಡೆದರು. ಹಿಂದಿರುಗಿದ ಮೇಲೆ ದೇಶದ ಹವಾಮಾನ ಮಾಪನ ವ್ಯವಸ್ಥೆಯನ್ನು ಕಟ್ಟುವಲ್ಲಿ ಪ್ರಮುಖ ಪಾತ್ರ ವಹಿಸಿದರು. ಯೋಗ್ಯತೆಯಿದ್ದರೂ ಅರ್ಹತಾ ನಿಯಮದಲ್ಲಿನ ಒಂದು ಕೊರತೆಯಿಂದ ಅರ್ಜಿಯು ತಿರಸ್ಕೃತವಾಗಬಹುದು ಎಂಬುದಕ್ಕೆ ಇದು ನಿದರ್ಶನ. ಆದುದರಿಂದಲೇ ಈ ಪುಟದ ಮುಂದಿನ ಭಾಗದಲ್ಲಿ ಅರ್ಹತೆಯ ವಿಷಯವನ್ನು ವಿಶೇಷವಾಗಿ ಒತ್ತಿ ಹೇಳಲಾಗಿದೆ.

5. ಬೆಂಗಳೂರು ಮತ್ತು ತ್ಸುಕುಬಾ: ಒಂದು ಸಹಯೋಗದ ವಿವರ

ಇಂಗಾಲದ ಇನ್ನೊಂದು ರೂಪವಾದ ಗ್ರಾಫೀನ್ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯಾಗಿದೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದನ್ನು ಪ್ರತ್ಯೇಕಿಸಲಾಯಿತು. ಇದಕ್ಕಾಗಿ 2010ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಷ್ಟು ತೆಳುವಾದ ಹಾಳೆಯನ್ನು ಒರಟಾದ ಮೇಲ್ಮೈ ಮೇಲೆ ಇರಿಸಿದರೆ ಅದರ ಗುಣಗಳು ಕೆಡುತ್ತವೆ. ಆದ್ದರಿಂದ ಅದನ್ನು ಷಟ್ಕೋನೀಯ ಬೋರಾನ್ ನೈಟ್ರೈಡ್ ಎಂಬ ಹರಳಿನ ಎರಡು ಪದರಗಳ ನಡುವೆ ಇರಿಸಲಾಗುತ್ತದೆ.

ಈ ಹರಳಿನ ಅತ್ಯುತ್ತಮ ಮಾದರಿಗಳನ್ನು ಬೆಳೆಸುವವರು ಜಪಾನಿನ ತ್ಸುಕುಬಾದಲ್ಲಿರುವ ರಾಷ್ಟ್ರೀಯ ಪದಾರ್ಥ ವಿಜ್ಞಾನ ಸಂಸ್ಥೆಯ ತಕಾಶಿ ತನಿಗುಚಿ ಮತ್ತು ಕೆಂಜಿ ವತನಾಬೆ. ವಾಯುಮಂಡಲದ ಒತ್ತಡದ ಸುಮಾರು 40,000 ಪಟ್ಟು ಒತ್ತಡ ಹಾಗೂ 1,500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಬೃಹತ್ ಒತ್ತುಯಂತ್ರದ ಮೂಲಕ ಇವುಗಳನ್ನು ತಯಾರಿಸಲಾಗುತ್ತದೆ. 2010ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಈ ಹರಳಿನ ಮೇಲೆ ಗ್ರಾಫೀನನ್ನು ಇರಿಸಿ ಉತ್ತಮ ಫಲಿತಾಂಶ ಪಡೆದ ನಂತರ, ಪ್ರಪಂಚದ ನೂರಾರು ಪ್ರಯೋಗಾಲಯಗಳು ತ್ಸುಕುಬಾದಿಂದ ಹರಳುಗಳನ್ನು ಪಡೆಯುತ್ತಾ ಬಂದಿವೆ. ಹರಳು ನೀಡಿದವರ ಹೆಸರನ್ನು ಪ್ರಬಂಧದಲ್ಲಿ ಸಹಲೇಖಕರನ್ನಾಗಿ ಸೇರಿಸುವುದು ಇಲ್ಲಿನ ರೂಢಿ.

ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಪ್ರಾಧ್ಯಾಪಕ ಅರಿಂದಮ್ ಘೋಷ್ ಅವರ ತಂಡವು ತ್ಸುಕುಬಾ ಸಂಸ್ಥೆಯ ಸಹಯೋಗದಲ್ಲಿ ನಡೆಸಿದ ಅಧ್ಯಯನವು 2025ರಲ್ಲಿ ಪ್ರಕಟವಾಯಿತು. ಸಾಮಾನ್ಯ ಲೋಹಗಳಲ್ಲಿ ವಿದ್ಯುತ್ತು ಚೆನ್ನಾಗಿ ಹರಿದರೆ ಶಾಖವೂ ಚೆನ್ನಾಗಿ ಹರಿಯುತ್ತದೆ. ವೀಡೆಮನ್-ಫ್ರಾಂಟ್ಸ್ ನಿಯಮ ಎಂಬ ಹೆಸರಿನ ಈ ಸಂಬಂಧವು 1853ರಿಂದಲೂ ತಿಳಿದಿದೆ. ಆದರೆ ಅತ್ಯಂತ ಶುದ್ಧವಾದ ಗ್ರಾಫೀನಿನಲ್ಲಿ, ಕಡಿಮೆ ಉಷ್ಣತೆಯಲ್ಲಿ, ಈ ನಿಯಮವು 200 ಪಟ್ಟಿಗಿಂತಲೂ ಹೆಚ್ಚು ತಪ್ಪುವುದನ್ನು ತಂಡವು ಕಂಡಿತು. ಆ ಸ್ಥಿತಿಯಲ್ಲಿ ಎಲೆಕ್ಟ್ರಾನುಗಳು ಬಿಡಿ ಕಣಗಳಂತೆ ಚಲಿಸದೆ ನೀರಿನಂತಹ ದ್ರವವಾಗಿ ಒಟ್ಟಾಗಿ ಹರಿಯುತ್ತವೆ. ಅತಿ ದುರ್ಬಲ ವಿದ್ಯುತ್ ಸಂಕೇತ ಮತ್ತು ಕಾಂತಕ್ಷೇತ್ರಗಳನ್ನು ಗುರುತಿಸುವ ಕ್ವಾಂಟಮ್ ಸಂವೇದಕಗಳಿಗೆ ಈ ಗುಣವು ನೆರವಾಗಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ.

ಬೋರಾನ್ ನೈಟ್ರೈಡ್ ಹರಳು ಹೊದಿಕೆ ಮಾತ್ರವಾಗಿ ಉಳಿದಿಲ್ಲ. ಅದರೊಳಗಿನ ಬೋರಾನ್ ಖಾಲಿಸ್ಥಾನಗಳು ವಜ್ರದ ಕೇಂದ್ರಗಳಂತೆಯೇ ಸಂವೇದಕಗಳಾಗಬಲ್ಲವು ಎಂಬುದನ್ನು ಜರ್ಮನಿಯ ವೂರ್ಟ್ಸ್‌ಬುರ್ಗ್ ಮತ್ತು ಆಸ್ಟ್ರೇಲಿಯಾದ ಸಿಡ್ನಿಯ ಸಂಶೋಧಕರನ್ನೊಳಗೊಂಡ ತಂಡವು 2020ರಲ್ಲಿ ತೋರಿಸಿತು.

ಈ ನಿದರ್ಶನದಿಂದ ಎರಡು ವಿಷಯಗಳು ತಿಳಿಯುತ್ತವೆ. ಮೊದಲನೆಯದಾಗಿ, ಸಹಯೋಗದಿಂದ ಬೆಂಗಳೂರಿನ ಪ್ರಯೋಗಾಲಯವು ಪ್ರಪಂಚದ ಮುಂಚೂಣಿಯ ಫಲಿತಾಂಶವನ್ನು ನೀಡಲು ಸಾಧ್ಯವಾಯಿತು. ಎರಡನೆಯದಾಗಿ, ಅಷ್ಟೊಂದು ಪ್ರಯೋಗಾಲಯಗಳು ಒಂದು ಊರಿನ ಒಂದು ಯಂತ್ರವನ್ನು ಅವಲಂಬಿಸಿರುವುದು ದೀರ್ಘಕಾಲದಲ್ಲಿ ಸುರಕ್ಷಿತವಲ್ಲ. ಹರಳು ಬೆಳೆಸುವ ಜ್ಞಾನವು ದೇಶದೊಳಗೂ ಬೆಳೆಯಬೇಕಾಗಿದೆ.

6. ರಾಷ್ಟ್ರ ಮತ್ತು ರಾಜ್ಯ ಮಟ್ಟದ ಕಾರ್ಯಕ್ರಮಗಳು

ಕೇಂದ್ರ ಸಚಿವ ಸಂಪುಟವು 19-04-2023ರಂದು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಅನುಮೋದನೆ ನೀಡಿತು. 2023-24ರಿಂದ 2030-31ರವರೆಗಿನ ಅವಧಿಗೆ ರೂ. 6,003.65 ಕೋಟಿ ವೆಚ್ಚವನ್ನು ನಿಗದಿಪಡಿಸಲಾಗಿದೆ. ಇದರಡಿ ನಾಲ್ಕು ವಿಷಯಾಧಾರಿತ ಕೇಂದ್ರಗಳನ್ನು 2024ರಲ್ಲಿ ಪ್ರಕಟಿಸಲಾಯಿತು:

(ಅ) ಕ್ವಾಂಟಮ್ ಗಣನೆ: ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು
(ಆ) ಕ್ವಾಂಟಮ್ ಸಂವಹನ: ಭಾರತೀಯ ತಂತ್ರಜ್ಞಾನ ಸಂಸ್ಥೆ ಮದ್ರಾಸ್, ಸಿ-ಡಾಟ್ ಸಂಸ್ಥೆಯೊಡನೆ
(ಇ) ಕ್ವಾಂಟಮ್ ಸಂವೇದನೆ ಮತ್ತು ಮಾಪನ: ಭಾರತೀಯ ತಂತ್ರಜ್ಞಾನ ಸಂಸ್ಥೆ ಬಾಂಬೆ
(ಈ) ಕ್ವಾಂಟಮ್ ಪದಾರ್ಥಗಳು ಮತ್ತು ಸಾಧನಗಳು: ಭಾರತೀಯ ತಂತ್ರಜ್ಞಾನ ಸಂಸ್ಥೆ ದೆಹಲಿ

ಈ ಪುಟದ ವಿಷಯಕ್ಕೆ (ಇ) ಮತ್ತು (ಈ) ಕೇಂದ್ರಗಳು ನೇರವಾಗಿ ಸಂಬಂಧಿಸಿವೆ. ಮುಂಬಯಿಯಲ್ಲಿ ಪ್ರಾಧ್ಯಾಪಕಿ ಕಸ್ತೂರಿ ಸಾಹಾ ಅವರ ತಂಡವು ವಜ್ರದ ಸಂವೇದಕಗಳ ಮೂಲಕ ಚಿಪ್‌ಗಳ ಕಾಂತಕ್ಷೇತ್ರವನ್ನು ಚಿತ್ರಿಸುವ ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದು, ಇದಕ್ಕಾಗಿ 2024ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯು ಕೈಜೋಡಿಸಿದೆ. ಪ್ರಯೋಗಾಲಯದಲ್ಲಿ ವಜ್ರ ಬೆಳೆಸುವ ತಂತ್ರಜ್ಞಾನಕ್ಕಾಗಿ 2023ರ ಕೇಂದ್ರ ಆಯವ್ಯಯದಲ್ಲಿ ಘೋಷಿಸಿದಂತೆ ಭಾರತೀಯ ತಂತ್ರಜ್ಞಾನ ಸಂಸ್ಥೆ ಮದ್ರಾಸ್‌ನಲ್ಲಿ ಕೇಂದ್ರವನ್ನು ಸ್ಥಾಪಿಸಲಾಗಿದೆ.

ರಾಜ್ಯದಲ್ಲಿ 2025ರ ಜುಲೈ 31 ಮತ್ತು ಆಗಸ್ಟ್ 1ರಂದು ಬೆಂಗಳೂರಿನಲ್ಲಿ ಕ್ವಾಂಟಮ್ ಸಮಾವೇಶವನ್ನು ಏರ್ಪಡಿಸಲಾಯಿತು. ಆ ಸಂದರ್ಭದಲ್ಲಿ ರೂ. 1,000 ಕೋಟಿಗಳ ಕರ್ನಾಟಕ ಕ್ವಾಂಟಮ್ ಮಿಷನ್ ಘೋಷಿಸಲಾಯಿತು.

7. ನಿಡಸೋಸಿ ಭಾಗದ ಮಹಾವಿದ್ಯಾಲಯಗಳು ಏನು ಮಾಡಬಹುದು?

ವಜ್ರ ಬೆಳೆಸುವ ಯಂತ್ರವಾಗಲಿ, ಅತಿ ಶೀತಲ ಉಪಕರಣವಾಗಲಿ ತಾಲ್ಲೂಕು ಮಟ್ಟದ ಮಹಾವಿದ್ಯಾಲಯದಲ್ಲಿ ಇರಬೇಕೆಂದು ನಿರೀಕ್ಷಿಸಲಾಗದು. ಅದು ಅಗತ್ಯವೂ ಅಲ್ಲ. ಸಂವೇದಕವೊಂದು ಕೆಲಸ ಮಾಡಲು ಹರಳಿನ ಜೊತೆಗೆ ಸೂಕ್ಷ್ಮತರಂಗದ ಮೂಲ, ಬೆಳಕನ್ನು ಅಳೆಯುವ ಫೋಟೋಡಯೋಡ್, ದುರ್ಬಲ ಸಂಕೇತವನ್ನು ಗದ್ದಲದಿಂದ ಬೇರ್ಪಡಿಸುವ ಲಾಕ್-ಇನ್ ಆಂಪ್ಲಿಫೈಯರ್, ಕಾಂತಕ್ಷೇತ್ರದ ಸುರುಳಿಗಳು, ಯಾಂತ್ರಿಕ ಪೀಠ ಮತ್ತು ದತ್ತಾಂಶ ವಿಶ್ಲೇಷಣೆಯ ತಂತ್ರಾಂಶ ಬೇಕು. ಇವು ಎಲೆಕ್ಟ್ರಾನಿಕ್ಸ್, ಯಾಂತ್ರಿಕ ಮತ್ತು ಗಣಕ ವಿಭಾಗಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸಗಳು. ಕ್ವಾಂಟಮ್ ವ್ಯವಸ್ಥೆಗಳ ಗಣಕ ಮಾದರಿಗಳನ್ನು ಉಚಿತ ಮುಕ್ತ ತಂತ್ರಾಂಶದಿಂದ ಸಾಮಾನ್ಯ ಗಣಕಯಂತ್ರದಲ್ಲಿಯೇ ರಚಿಸಬಹುದು. ಇಂತಹ ಪೂರ್ವಸಿದ್ಧತೆ ಇರುವ ವಿದ್ಯಾರ್ಥಿಗೆ ದೊಡ್ಡ ಪ್ರಯೋಗಾಲಯದಲ್ಲಿ ಸ್ಥಾನ ದೊರೆಯುವ ಸಾಧ್ಯತೆ ಹೆಚ್ಚು.

8. ಲಭ್ಯವಿರುವ ಮಾರ್ಗಗಳು

8.1 ವಿದ್ಯಾರ್ಥಿ ಯೋಜನಾ ಕಾರ್ಯಕ್ರಮ: ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ, 1975ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಇದನ್ನು ನಡೆಸುತ್ತದೆ. ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಮಾರ್ಗದರ್ಶಕರು ಮತ್ತು ಪ್ರಾಂಶುಪಾಲರ ಮೂಲಕ ಪ್ರಸ್ತಾವನೆ ಸಲ್ಲಿಸಬೇಕು. ಆಯ್ಕೆಯಾದ ಯೋಜನೆಗಳಿಗೆ ಧನಸಹಾಯ ದೊರೆಯುತ್ತದೆ.

8.2 ಬೇಸಿಗೆ ಸಂಶೋಧನಾ ಶಿಷ್ಯವೇತನ: 1934ರಲ್ಲಿ ರಾಮನ್ ಅವರು ಸ್ಥಾಪಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹಾಗೂ ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಕಾರ್ಯಕ್ರಮವಿದು. ವಿದ್ಯಾರ್ಥಿಗಳು ಮಾತ್ರವಲ್ಲದೆ ಅಧ್ಯಾಪಕರೂ ಅರ್ಜಿ ಸಲ್ಲಿಸಬಹುದು. ಆಯ್ಕೆಯಾದವರು ಸುಮಾರು ಎರಡು ತಿಂಗಳ ಕಾಲ ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಾರೆ. ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಸಾಮಾನ್ಯವಾಗಿ ಅರ್ಜಿ ಕರೆಯುವುದರಿಂದ ಬೇಸಿಗೆ ಬಂದ ಮೇಲೆ ವಿಚಾರಿಸಿದರೆ ಪ್ರಯೋಜನವಾಗದು.

8.3 ನ್ಯಾನೋಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ: ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ನೆರವಿನಿಂದ 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಭಾರತೀಯ ತಂತ್ರಜ್ಞಾನ ಸಂಸ್ಥೆ ಬಾಂಬೆಯಲ್ಲಿ ಆರಂಭವಾಯಿತು. ನಂತರ ಇನ್ನೂ ಕೆಲವು ಸಂಸ್ಥೆಗಳಿಗೆ ವಿಸ್ತರಿಸಲಾಯಿತು. ಸ್ವಂತ ಸೌಲಭ್ಯವಿಲ್ಲದ ಮಹಾವಿದ್ಯಾಲಯದವರಿಗೆ ಪರಿಚಯ ಕಾರ್ಯಾಗಾರ, ಪ್ರಾಯೋಗಿಕ ತರಬೇತಿ ಮತ್ತು ಸ್ವಂತ ಸಂಶೋಧನಾ ಯೋಜನೆ ಎಂಬ ಮೂರು ಹಂತಗಳಲ್ಲಿ ಅವಕಾಶ ನೀಡುವುದು ಇದರ ಉದ್ದೇಶ.

8.4 ಐ-ಸ್ಟೆಮ್ ಜಾಲತಾಣ: 03-01-2020ರಂದು ಬೆಂಗಳೂರಿನಲ್ಲಿ ಲೋಕಾರ್ಪಣೆಯಾದ ಈ ರಾಷ್ಟ್ರೀಯ ಜಾಲತಾಣದಲ್ಲಿ ಸರ್ಕಾರಿ ನೆರವಿನಿಂದ ಖರೀದಿಸಿದ ಸಂಶೋಧನಾ ಉಪಕರಣಗಳು ಎಲ್ಲೆಲ್ಲಿ ಇವೆ ಎಂಬ ಪಟ್ಟಿ ಇದೆ. ಹೆಸರು ನೋಂದಾಯಿಸಿದವರು ತಮ್ಮ ಮಾದರಿಗಳ ಪರೀಕ್ಷೆಗಾಗಿ ಸಮಯವನ್ನು ಕಾಯ್ದಿರಿಸಬಹುದು. ಬಳಕೆ ಶುಲ್ಕವು ಆಯಾ ಸಂಸ್ಥೆಯ ನಿಯಮದಂತೆ ಇರುತ್ತದೆ.

8.5 ಪಿಎಚ್.ಡಿ. ಶಿಷ್ಯವೇತನ ಮತ್ತು ಮಹಾವಿದ್ಯಾಲಯಗಳಿಗೆ ಅನುದಾನ: ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಧೀನದ ಕೆ-ಸ್ಟೆಪ್ಸ್ ಸಂಸ್ಥೆಯು ಕರ್ನಾಟಕದ ಅಭ್ಯರ್ಥಿಗಳಿಗಾಗಿ ಪಿಎಚ್.ಡಿ. ಶಿಷ್ಯವೇತನಕ್ಕೆ ಅರ್ಜಿ ಆಹ್ವಾನಿಸುತ್ತದೆ. ಪ್ರಯೋಗಾಲಯಗಳ ಬಲವರ್ಧನೆಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಮೂಲಕ ಅನುದಾನ ಯೋಜನೆಗಳು ಪ್ರಕಟವಾಗುತ್ತವೆ.

8.6 ದ್ವಿಪಕ್ಷೀಯ ಸಂಶೋಧನಾ ಯೋಜನೆಗಳು: ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಜಪಾನ್ ಮೊದಲಾದ ದೇಶಗಳೊಡನೆ ಜಂಟಿ ಪ್ರಸ್ತಾವನೆಗಳನ್ನು ಕರೆಯುತ್ತದೆ. ಇದಲ್ಲದೆ ಫ್ರಾನ್ಸಿನೊಡನೆ 1987ರಲ್ಲಿ, ಅಮೆರಿಕದೊಡನೆ 2000ದಲ್ಲಿ, ಜರ್ಮನಿಯೊಡನೆ 2010ರಲ್ಲಿ ಸ್ಥಾಪಿತವಾದ ಪ್ರತ್ಯೇಕ ಜಂಟಿ ಕೇಂದ್ರಗಳಿವೆ. ಜರ್ಮನಿಯೊಡನೆ ಇರುವ ಮುಖ್ಯ ಯೋಜನೆಯಲ್ಲಿ ಎರಡೂ ದೇಶಗಳಿಂದ ತಲಾ ಒಂದು ಶೈಕ್ಷಣಿಕ ಸಂಸ್ಥೆ ಮತ್ತು ಒಂದು ಉದ್ಯಮ ಪಾಲ್ಗೊಳ್ಳಬೇಕು.

8.7 ವಿದೇಶಿ ವ್ಯಾಸಂಗ: ಅರ್ಹ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆಯಡಿ ನೆರವು ಇದೆ. ವಿವರಗಳಿಗೆ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು.

9. ಅರ್ಜಿ ಸಲ್ಲಿಸುವ ಮುನ್ನ ಪಾಲಿಸಬೇಕಾದ ಕ್ರಮ

(1) ಪ್ರಕಟಣೆಯಲ್ಲಿನ ಅರ್ಹತಾ ಷರತ್ತುಗಳನ್ನು ಪೂರ್ಣವಾಗಿ ಓದಿಕೊಳ್ಳುವುದು. ವಿದ್ಯಾರ್ಹತೆ, ವಯೋಮಿತಿ, ಕನಿಷ್ಠ ಅಂಕ, ವಾಸಸ್ಥಳ ಈ ನಾಲ್ಕನ್ನು ಮೊದಲು ಪರಿಶೀಲಿಸಿಕೊಳ್ಳುವುದು.

(2) ಜಾತಿ, ಆದಾಯ ಮತ್ತು ವಾಸಸ್ಥಳ ದೃಢೀಕರಣ ಪತ್ರಗಳನ್ನು ತಮ್ಮ ಹೋಬಳಿಯ ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು. ಈ ಸೇವೆಗಳಿಗೆ ಸಕಾಲ ಅಧಿನಿಯಮದಡಿ ಕಾಲಮಿತಿ ನಿಗದಿಯಾಗಿರುತ್ತದೆ. ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯುವುದು. ಕೊನೆಯ ದಿನದಂದು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಶಿಷ್ಯವೇತನದ ಅವಧಿಯು ಮೀರಿ ಹೋಗುತ್ತದೆ.

(3) ಬೆಳಗಾವಿ ಜಿಲ್ಲೆಯು ಸಂವಿಧಾನದ 371(ಜೆ) ಅನುಚ್ಛೇದದ ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಸೇರಿರುವುದಿಲ್ಲ. ಆದುದರಿಂದ ಈ ಜಿಲ್ಲೆಯ ಅಭ್ಯರ್ಥಿಗಳು ಅರ್ಜಿಯಲ್ಲಿ ಸದರಿ ಮೀಸಲಾತಿಯ ಅಂಕಣವನ್ನು ಗುರುತು ಮಾಡಬಾರದು.

(4) ಎಲ್ಲ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು ಮತ್ತು ಅಡ್ಡಹೆಸರು ಒಂದೇ ರೀತಿ ಇರಬೇಕು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲೂ, ಗುರುತಿನ ಚೀಟಿಯಲ್ಲಿ ಕೊನೆಯಲ್ಲೂ ಇದ್ದಲ್ಲಿ, ಪಾಸ್‌ಪೋರ್ಟ್ ಮತ್ತು ವೀಸಾ ಹಂತದಲ್ಲಿ ತೊಂದರೆಯಾಗಬಹುದು. ಇದನ್ನು ಮೊದಲೇ ಸರಿಪಡಿಸಿಕೊಳ್ಳುವುದು.

(5) ದ್ವಿಪಕ್ಷೀಯ ಯೋಜನೆಗಳಲ್ಲಿ ಭಾರತದ ಅರ್ಜಿದಾರರು ಭಾರತದ ಇಲಾಖೆಗೆ, ವಿದೇಶದ ಸಹಯೋಗಿಗಳು ತಮ್ಮ ದೇಶದ ಸಂಸ್ಥೆಗೆ ಅದೇ ಅವಧಿಯಲ್ಲಿ ಪ್ರತ್ಯೇಕವಾಗಿ ಸಲ್ಲಿಸಬೇಕಾಗುತ್ತದೆ. ಒಂದು ಕಡೆಯಿಂದ ಮಾತ್ರ ಬಂದ ಅರ್ಜಿಯನ್ನು ಸಾಮಾನ್ಯವಾಗಿ ಪರಿಗಣಿಸಲಾಗುವುದಿಲ್ಲ.

(6) ಪ್ರಸ್ತಾವನೆಯಲ್ಲಿ ಯಾರು ಯಾವ ಕೆಲಸ ಮಾಡುವರು, ಮಾದರಿಗಳನ್ನು ಯಾರು ಒದಗಿಸುವರು, ಫಲಿತಾಂಶ ಹಾಗೂ ಪೇಟೆಂಟಿನ ಹಕ್ಕು ಯಾರಿಗೆ ಎಂಬುದನ್ನು ಲಿಖಿತವಾಗಿ ನಮೂದಿಸತಕ್ಕದ್ದು.

10. ವಿದೇಶಿ ನೆರವು ಮತ್ತು ಮಾದರಿಗಳ ಸಾಗಣೆ: ಕಾನೂನಿನ ಎಚ್ಚರಿಕೆ

ಟ್ರಸ್ಟ್ ಅಥವಾ ಸಂಘವು ನಡೆಸುವ ಮಹಾವಿದ್ಯಾಲಯವು ವಿದೇಶದಿಂದ ವಂತಿಗೆಯನ್ನು ಸ್ವೀಕರಿಸಬೇಕಾದಲ್ಲಿ, ವಿದೇಶಿ ವಂತಿಗೆ (ನಿಯಂತ್ರಣ) ಅಧಿನಿಯಮ, 2010ರಡಿ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. 2020ರ ತಿದ್ದುಪಡಿಯಂತೆ ಇಂತಹ ಹಣವು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿನ ನಿಗದಿತ ಖಾತೆಗೆ ಮಾತ್ರ ಬರತಕ್ಕದ್ದು. ಅಧ್ಯಾಪಕರ ವೈಯಕ್ತಿಕ ಖಾತೆಗೆ ಯೋಜನೆಯ ಹಣವನ್ನು ತರಿಸಿಕೊಳ್ಳಬಾರದು.

ಕ್ವಾಂಟಮ್ ಕ್ಷೇತ್ರದ ಕೆಲವು ಪದಾರ್ಥ ಮತ್ತು ಉಪಕರಣಗಳು ನಾಗರಿಕ ಹಾಗೂ ಸೈನಿಕ ಎರಡೂ ಬಳಕೆಗೆ ಯೋಗ್ಯವಾದವು. ಅಂತಹವುಗಳ ರಫ್ತಿಗೆ ಭಾರತದಲ್ಲಿ ಸ್ಕೋಮೆಟ್ ಪಟ್ಟಿಯಡಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕಾಗಬಹುದು. ಅಮೆರಿಕವೂ 2024ರ ಸೆಪ್ಟೆಂಬರಿನಲ್ಲಿ ಕ್ವಾಂಟಮ್ ಸಂಬಂಧಿತ ವಸ್ತುಗಳ ಮೇಲೆ ಹೊಸ ರಫ್ತು ನಿಯಂತ್ರಣಗಳನ್ನು ವಿಧಿಸಿದೆ. ಹರಳೊಂದು ಸಾಸಿವೆ ಕಾಳಿಗಿಂತ ಚಿಕ್ಕದಿದ್ದರೂ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಮಾದರಿಗಳನ್ನು ಅಂಚೆಯಲ್ಲಾಗಲಿ ಪ್ರವಾಸದ ಚೀಲದಲ್ಲಾಗಲಿ ಕಳುಹಿಸುವ ಮುನ್ನ ಸಂಸ್ಥೆಯ ಮೂಲಕ ಲಿಖಿತ ಸ್ಪಷ್ಟೀಕರಣ ಪಡೆಯುವುದು.

11. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಶಾಲೆಯ ಮಾಧ್ಯಮವು ಮೇಲ್ಕಂಡ ಯಾವ ಯೋಜನೆಗೂ ಅಡ್ಡಿಯಲ್ಲ. ಆದರೆ ಸಂಶೋಧನಾ ಪ್ರಸ್ತಾವನೆಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆಯಬೇಕಾಗುವುದರಿಂದ ಮಾರ್ಗದರ್ಶಕರ ನೆರವು ಪಡೆಯುವುದು ಒಳಿತು.

ಪ್ರಶ್ನೆ: ಮಹಾವಿದ್ಯಾಲಯದಲ್ಲಿ ಕ್ವಾಂಟಮ್ ಪ್ರಯೋಗಾಲಯವಿಲ್ಲ. ಪ್ರಸ್ತಾವನೆ ತಿರಸ್ಕೃತವಾಗುವುದೇ?
ಉತ್ತರ: ಆ ಒಂದೇ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಕ್ರಮ ಸಂಖ್ಯೆ 8.3 ಮತ್ತು 8.4ರ ಸೌಲಭ್ಯಗಳು ಇಂತಹವರಿಗಾಗಿಯೇ ಇವೆ. ಯಾವ ಅಳತೆಯನ್ನು ಎಲ್ಲಿ ಮಾಡಲಾಗುವುದು ಎಂಬುದನ್ನು ಪ್ರಸ್ತಾವನೆಯಲ್ಲಿ ಸ್ಪಷ್ಟಪಡಿಸುವುದು.

ಪ್ರಶ್ನೆ: ವಿದೇಶದ ವಿಜ್ಞಾನಿಯ ಪರಿಚಯವಿಲ್ಲ. ಸಹಯೋಗಿಯನ್ನು ಹುಡುಕುವುದು ಹೇಗೆ?
ಉತ್ತರ: ಮೊದಲು ಬೆಂಗಳೂರು ಅಥವಾ ಮುಂಬಯಿಯ ತಂಡವೊಂದರ ಜೊತೆ ಕೆಲಸ ಮಾಡುವುದು ಸುಲಭದ ದಾರಿ. ಅಂತಹ ತಂಡಗಳಿಗೆ ವಿದೇಶದ ಪ್ರಯೋಗಾಲಯಗಳೊಡನೆ ಈಗಾಗಲೇ ಸಂಪರ್ಕವಿರುತ್ತದೆ. ಬೆಂಗಳೂರು-ತ್ಸುಕುಬಾ ನಿದರ್ಶನದಲ್ಲಿಯೂ ಹರಳು ಒಂದು ಕಡೆ ಬೆಳೆದು, ಅಳತೆ ಇನ್ನೊಂದು ಕಡೆ ನಡೆದಿದೆ.

ಪ್ರಶ್ನೆ: ಹಣ ನೀಡಿದರೆ ವಿದೇಶಿ ಪ್ರಯೋಗಾಲಯದಲ್ಲಿ ಸ್ಥಾನ ಕೊಡಿಸುವುದಾಗಿ ಮಧ್ಯವರ್ತಿಗಳು ಹೇಳುತ್ತಾರೆ. ಇದು ನಿಜವೇ?
ಉತ್ತರ: ಮೇಲ್ಕಂಡ ಯಾವ ಯೋಜನೆಯಲ್ಲಿಯೂ ಮಧ್ಯವರ್ತಿಗಳಿಗೆ ಸ್ಥಾನವಿಲ್ಲ. ಆಯ್ಕೆಯು ಅರ್ಜಿಯ ಅರ್ಹತೆಯ ಮೇಲೆ ನಡೆಯುತ್ತದೆ. ಹೊಲ ಅಡವಿಟ್ಟು ಅಥವಾ ಸಾಲ ಮಾಡಿ ಇಂತಹವರಿಗೆ ಹಣ ನೀಡಬಾರದೆಂದು ಪೋಷಕರಲ್ಲಿ ಕೋರಲಾಗಿದೆ.

12. ಕೊನೆಯ ಮಾತು

ಹರಳಿನಲ್ಲಿನ ಒಂದು ಖಾಲಿ ಸ್ಥಾನವನ್ನೇ ಅಳತೆಯ ಸಾಧನವನ್ನಾಗಿ ಮಾಡಿಕೊಂಡಿರುವ ಈ ವಿಜ್ಞಾನವು ಹಲವು ದೇಶಗಳ ಹಲವು ಕೈಗಳಿಂದ ಬೆಳೆದಿದೆ. ಅದರಲ್ಲಿ ಉಪಕರಣ ಕಟ್ಟುವವರಿಗೂ, ಲೆಕ್ಕ ಮಾಡುವವರಿಗೂ, ತಾಳ್ಮೆಯಿಂದ ಅಳೆಯುವವರಿಗೂ ಅವಕಾಶವಿದೆ. ನಿಡಸೋಸಿ ಮತ್ತು ಸುತ್ತಲಿನ ತಾಲ್ಲೂಕುಗಳ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರು ನಿಗದಿತ ಅವಧಿಯೊಳಗೆ, ಸಂಪೂರ್ಣ ದಾಖಲೆಗಳೊಡನೆ ಅರ್ಜಿ ಸಲ್ಲಿಸಿ ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬಹುದಾಗಿದೆ.

ಸೂಚನೆ: ಯೋಜನೆಗಳ ಅವಧಿ, ಮೊತ್ತ ಹಾಗೂ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಸಂಸ್ಥೆಯ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳತಕ್ಕದ್ದು. ಈ ಪುಟವು ಮಾಹಿತಿಗಾಗಿ ಮಾತ್ರ ಇದ್ದು, ಅಧಿಕೃತ ಆದೇಶ ಅಥವಾ ಅಧಿಸೂಚನೆಗೆ ಬದಲಿಯಾಗಿರುವುದಿಲ್ಲ.